ಪೇಟೆ ಬೀದಿಗೆ ವಾಹನ ನಿಷೇಧವೇ? ಅಂಗವಿಕಲ ಚಾಲಕರು ಆಕ್ಷೇಪಣೆ ಸಲ್ಲಿಸುವುದು ಹೀಗೆ

ಎಂ.ಜಿ. ರಸ್ತೆ, ಅಶೋಕ ರಸ್ತೆ, ಚಿಕ್ಕಪೇಟೆ, ಮಂಡಿಪೇಟೆ. ತುಮಕೂರಿನ ಪೇಟೆ ದೊಡ್ಡದೇನಲ್ಲ, ಆದರೆ ಸುತ್ತಲ ಊರುಗಳ ಜನರೆಲ್ಲ ಬರುವುದು ಇಲ್ಲಿಗೇ. ಇಂಥ ಬೀದಿಗಳಲ್ಲಿ ವಾಹನ ಕಡಿಮೆಯಾಗಬೇಕು, ನಡೆಯುವವರಿಗೆ ಜಾಗ ಸಿಗಬೇಕು ಎನ್ನುವುದು ಒಳ್ಳೆಯ ಮಾತೇ. ಆದರೆ ಸೈಡ್ ವೀಲ್ (ಎರಡೂ ಬದಿಗೆ ಹೆಚ್ಚುವರಿ ಚಕ್ರ ಜೋಡಿಸಿದ) ಸ್ಕೂಟರ್‌ನಲ್ಲಿ ಅಂಗಡಿ ಬಾಗಿಲವರೆಗೂ ಬರುವವರಿಗೆ, ಕೈಯಲ್ಲೇ ಬ್ರೇಕ್ ಹಿಡಿಯುವ ಕಾರು ಓಡಿಸುವವರಿಗೆ, ಬೀದಿಯ ತುದಿಯಲ್ಲಿ ಬ್ಯಾರಿಕೇಡ್ ನಿಂತರೆ ಪೇಟೆಯೇ ಮುಚ್ಚಿದ ಹಾಗೆ. ಆದೇಶ ಹೊರಬಿದ್ದ ಮೇಲೆ ಅದನ್ನು ತಿದ್ದಿಸುವುದು ಕಷ್ಟ. ಪ್ರಸ್ತಾವ ಇರುವಾಗಲೇ ಅದಕ್ಕೊಂದು ಸಾಲು ಸೇರಿಸುವಂತೆ ಮಾಡಬಹುದು.

ಮೊದಲು ಪ್ರಕಟಣೆ ಹುಡುಕಿ

ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರ ಇರುವುದು 1988ರ ಮೋಟಾರು ವಾಹನ ಕಾಯ್ದೆಯ ಕಲಂ 115ರಲ್ಲಿ. ವಾಹನ ನಿಲ್ಲಿಸುವ ಜಾಗ ಗೊತ್ತು ಮಾಡುವುದು ಕಲಂ 117. ಜಿಲ್ಲೆಗಳಲ್ಲಿ ಇಂಥ ಆದೇಶ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿಯಿಂದ ಬರುತ್ತದೆ. ಆಕ್ಷೇಪಣೆ, ಸಲಹೆ ಕರೆದಿದ್ದರೆ ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಕರೆಯದೆ ಬರೀ ಸುದ್ದಿ ಬಂದಿದ್ದರೂ ಸುಮ್ನೆ ಕೂರಬೇಡಿ. ಮನವಿ ಕೊಡಲು ಯಾರೂ ಕರೆಯಬೇಕಿಲ್ಲ, ಅಲ್ವಾ? ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಪ್ರಕಟಣೆ ಕಡ್ಡಾಯವಲ್ಲ. ಹಾಗಾಗಿ ಹಬ್ಬ, ಮೆರವಣಿಗೆಯ ನಿರ್ಬಂಧದ ಬಗ್ಗೆ ಹಬ್ಬಕ್ಕೆ ಮುಂಚೆಯೇ ಮನವಿ ಕೊಟ್ಟುಬಿಡಿ.

ಟೇಪು ಹಿಡಿದು ಬೀದಿಗೆ ಹೋಗಿ

ಈ ಕೆಲಸ ಯಾವ ಕಾರಣಕ್ಕೂ ಬಿಡಬೇಡಿ. ‘ನಮಗೆ ತೊಂದರೆಯಾಗುತ್ತದೆ’ ಎಂದು ಬರೆದ ಅರ್ಜಿ ಫೈಲಿನಲ್ಲಿ ಉಳಿಯುತ್ತದೆ. ‘ನಿಷೇಧ ಶುರುವಾಗುವ ಜಾಗದಿಂದ ಔಷಧಿ ಅಂಗಡಿಗೆ ಇಷ್ಟು ಮೀಟರ್, ನಡುವೆ ಇಳಿಜಾರಿಲ್ಲದ ಇಷ್ಟು ಮೆಟ್ಟಿಲು’ ಎಂದು ಬರೆದರೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ. ಬ್ಯಾಂಕು, ಆಸ್ಪತ್ರೆ, ಬಸ್ ನಿಲ್ದಾಣ, ನೀವು ದಿನಾ ಹೋಗುವ ಅಂಗಡಿ, ಎಲ್ಲಕ್ಕೂ ದೂರ ಅಳೆಯಿರಿ. ಫುಟ್‌ಪಾತ್ ಎಲ್ಲಿ ಮುರಿದಿದೆ, ಎಲ್ಲಿ ಟ್ರಾನ್ಸ್‌ಫಾರ್ಮರ್ ಅಡ್ಡ ಬಂದಿದೆ ಎಂದು ಫೋಟೊ ತೆಗೆಯಿರಿ.

ಸ್ಕೂಟರ್‌ನವರ ಕಷ್ಟ ಬೇರೆಯವರಿಗೆ ಹೊಳೆಯುವುದೇ ಇಲ್ಲ. ಅದನ್ನು ಬಿಡಿಸಿ ಬರೆಯಬೇಕು. ಸೈಡ್ ವೀಲ್ ಸ್ಕೂಟರ್‌ಗಳಲ್ಲಿ ಹೆಚ್ಚಿನವಕ್ಕೆ ರಿವರ್ಸ್ ಗೇರ್ ಇರುವುದಿಲ್ಲ. ಬ್ಯಾರಿಕೇಡ್‌ವರೆಗೂ ಬಂದು ‘ವಾಪಸ್ ಹೋಗಿ’ ಎನಿಸಿಕೊಂಡರೆ, ಯಾರಾದರೂ ಬಂದು ಹಿಂದಕ್ಕೆ ಎಳೆಯುವವರೆಗೆ ಅಲ್ಲೇ ನಿಲ್ಲಬೇಕು. ಫುಟ್‌ಪಾತಿನ ತುದಿಗೆ ನೆಟ್ಟ ಕಬ್ಬಿಣದ ಕಂಬಗಳ ನಡುವೆ ಬೈಕು ನುಗ್ಗುತ್ತದೆ, ಈ ಸ್ಕೂಟರ್ ಸಿಕ್ಕಿಹಾಕಿಕೊಳ್ಳುತ್ತದೆ. ಬೈಕುಗಳ ಸಾಲಿನಲ್ಲಿ ಹೇಗೋ ನಿಲ್ಲಿಸಿದರೂ, ಪಕ್ಕದಲ್ಲಿ ಯಾರೋ ಒತ್ತಿ ಗಾಡಿ ನಿಲ್ಲಿಸಿ ಹೋದರೆ ಹತ್ತಿ ಕೂರಲು ಜಾಗವೇ ಇರುವುದಿಲ್ಲ.

ಏನು ಕೇಳಬೇಕು?

ಅನುಕಂಪ ಕೇಳಬೇಡಿ, ಆದೇಶದಲ್ಲಿ ಬರಬೇಕಾದ ಸಾಲನ್ನು ನೀವೇ ಬರೆದು ಕೊಡಿ. ಹೀಗೆ: ‘ಅಂಗವಿಕಲ ವ್ಯಕ್ತಿಗಳು ಚಲಾಯಿಸುವ ಹಾಗೂ ಅವರನ್ನು ಕರೆದೊಯ್ಯುವ ವಾಹನಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಯುಡಿಐಡಿ ಕಾರ್ಡ್ ತೋರಿಸಿದರೆ ಪ್ರವೇಶ ನೀಡತಕ್ಕದ್ದು.’ ಯುಡಿಐಡಿ ಎಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ‘ಕರೆದೊಯ್ಯುವ’ ಎನ್ನುವುದು ತಪ್ಪದೆ ಇರಲಿ. ಇಲ್ಲದಿದ್ದರೆ ಮಗನ ಕಾರಿನಲ್ಲಿ ಬರುವ ತಾಯಿ ಹೊರಗೇ ಉಳಿಯುತ್ತಾರೆ. ವಾಹನದ ನೋಂದಣಿ ಪತ್ರವನ್ನಷ್ಟೇ (ಆರ್.ಸಿ.) ದಾಖಲೆಯಾಗಿ ಒಪ್ಪಿದರೂ ಇದೇ ತೊಂದರೆ, ಅದು ಮಗನ ಹೆಸರಿನಲ್ಲಿರುತ್ತದಲ್ಲ.

ಎರಡನೆಯದು ನಿಲ್ಲಿಸುವ ಜಾಗ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಂತೆ ಅಂಗವಿಕಲರ ಕಾರಿಗೆ 3.6 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಬೇಕು. ಅದು ಕಟ್ಟಡದ ಬಾಗಿಲಿಂದ 30 ಮೀಟರ್ ಒಳಗಿರಬೇಕು. ಬೀದಿಯ ಪಾರ್ಕಿಂಗ್‌ಗೂ ಇದೇ ಅಳತೆ ಕೇಳಿ. ಸ್ಕೂಟರ್‌ಗಳಿಗೆ ಪ್ರತ್ಯೇಕ ಗುರುತು ಕೇಳಿ. ಬ್ಯಾರಿಕೇಡ್ ಬಳಿ ನಿಲ್ಲುವ ಸಿಬ್ಬಂದಿ ಕೈಯಲ್ಲಿ ಆದೇಶದ ಪ್ರತಿ ಇರಲಿ ಎಂದೂ ಬರೆಯಿರಿ. ಬಿಸಿಲಲ್ಲಿ ನಿಂತು ಅವರಿಗೆ ಕಾನೂನು ವಿವರಿಸುವ ಕೆಲಸ ಚಾಲಕರದಾಗಬಾರದು.

ಕಾನೂನಿನ ಬಲ ನಿಮ್ಮ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಕಲಂ 41 ಸಾರಿಗೆ ಸೌಲಭ್ಯದ ಬಗ್ಗೆ ಹೇಳುತ್ತದೆ. ಬಸ್, ರೈಲು, ವಿಮಾನ ನಿಲ್ದಾಣಗಳ ಪಾರ್ಕಿಂಗ್ ಜಾಗವೂ ಅದರಲ್ಲಿ ಸೇರಿದೆ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

‘ಒಬ್ಬರಿಗೆ ಬಿಟ್ಟರೆ ಎಲ್ಲರೂ ಬರುತ್ತಾರೆ’ ಎಂಬ ವಾದ ಸಭೆಯಲ್ಲಿ ಬಂದೇ ಬರುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರದ ಉದಾಹರಣೆ ಕೊಡಿ. ಅಲ್ಲಿ ಅಂಗವಿಕಲರಿಗೆ ‘ಬ್ಲೂ ಬ್ಯಾಡ್ಜ್’ ಎಂಬ ಪರವಾನಗಿ ಇದೆ. ಅದಿದ್ದವರ ವಾಹನವೂ ಪಾದಚಾರಿ ಬೀದಿಗಳಿಗೆ ಬರಬಾರದು ಎಂದು ನಗರ ಆಡಳಿತ 2021ರ ನವೆಂಬರ್‌ನಲ್ಲಿ ತೀರ್ಮಾನಿಸಿತು. ಅಂಗವಿಕಲರು ಬಿಡದೆ ಹೋರಾಡಿದರು. 2024ರ ಜನವರಿಯಿಂದ ಪ್ರವೇಶ ಮತ್ತೆ ಸಿಕ್ಕಿತು. ಪಾದಚಾರಿ ಬೀದಿ ಇಟ್ಟುಕೊಂಡೇ ಅಂಗವಿಕಲರಿಗೆ ದಾರಿ ಬಿಡಬಹುದು ಎನ್ನುವುದಕ್ಕೆ ಇದು ಸಾಕು.

ಸಲ್ಲಿಸುವುದು, ಬೆನ್ನು ಹತ್ತುವುದು

ಮನವಿ ಜಿಲ್ಲಾಧಿಕಾರಿಗೆ. ಪ್ರತಿಗಳು ಪೊಲೀಸ್ ವರಿಷ್ಠಾಧಿಕಾರಿ, ಪಾಲಿಕೆ ಆಯುಕ್ತರು, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ. ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಸಭೆ ಕರೆದರೆ ನೆಲಮಹಡಿಯಲ್ಲೇ ನಡೆಸಲು, ಕಿವುಡರಿಗಾಗಿ ಸಂಜ್ಞೆ ಭಾಷೆಯವರನ್ನು ಕರೆಸಲು ಮೊದಲೇ ಬರೆದು ಕೇಳಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಒಂದೇ ವಿಷಯ, 150 ಪದದೊಳಗೆ ಇರಲಿ: ನನ್ನ ಆಕ್ಷೇಪಣೆ ಮೇಲೆ ಏನು ಕ್ರಮವಾಯಿತು, ಕಡತದ ಟಿಪ್ಪಣಿಯ ಪ್ರತಿ ಕೊಡಿ. 30 ದಿನದೊಳಗೆ ಉತ್ತರ ಬರಬೇಕು. ಅದಕ್ಕೂ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಿ. ಅವರು ಶಿಫಾರಸು ಮಾಡಿದರೆ, ಏನು ಕ್ರಮ ಕೈಗೊಂಡಿದ್ದೇವೆ ಎಂದು ಸಂಬಂಧಪಟ್ಟ ಕಚೇರಿ ಮೂರು ತಿಂಗಳೊಳಗೆ ತಿಳಿಸಬೇಕು. ದೂರಿನ ಜೊತೆ ಸೀಲು ಬಿದ್ದ ಪ್ರತಿ, ಅಳತೆ ಬರೆದ ನಕ್ಷೆ, ಫೋಟೊಗಳನ್ನು ಲಗತ್ತಿಸಿ.