ಸೀನಿಗೆ ಕಾರಣ ಒಂದೋ, ಹತ್ತೋ? ಪತ್ತೆ ಮಾಡುವುದು ಹೀಗೆ

ಅಲರ್ಜಿ ರಿಪೋರ್ಟಿನಲ್ಲಿ ಎಂಟು ಕಡೆ ‘ಪಾಸಿಟಿವ್’ ಕಂಡರೆ ಎದೆ ಧಸಕ್ಕೆನ್ನುತ್ತದೆ. ಧೂಳಿನ ನುಸಿ, ಜಿರಳೆ, ಬೂಸ್ಟು, ಕಾಂಗ್ರೆಸ್ ಗಿಡದ ಪರಾಗ. ಇಷ್ಟನ್ನೆಲ್ಲ ಬಿಟ್ಟು ಬದುಕುವುದು ಹೇಗೆ ಅಲ್ವಾ? ಹೆದರಬೇಡಿ. ಪಾಸಿಟಿವ್ ಬಂದದ್ದೆಲ್ಲ ನಿಮ್ಮ ಮೂಗನ್ನು ಕಾಡುತ್ತಿರಬೇಕು ಅಂತೇನಿಲ್ಲ. ಕಾಡುವುದು ಯಾವುದು ಅಂತ ಹುಡುಕಬೇಕು.

ಹುಡುಕಾಟ ಪರೀಕ್ಷೆಗೆ ಮೊದಲೇ ಶುರುವಾಗಲಿ. ಮೂರ್ನಾಲ್ಕು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾವಾಗ ಸೀನು ಬಂತು, ಆಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ. ಹಾಸಿಗೆಯಿಂದ ಏಳುವಾಗ, ಹೊದಿಕೆ ಕೊಡವುವಾಗ ಸಾಲು ಸೀನು ಬಂದರೆ ನುಸಿಯ ಮೇಲೆ ಅನುಮಾನ. ಖಾಲಿ ಸೈಟಿನ ಪಕ್ಕ ಹಾದಾಗ ಮೂಗು ಸೋರಿದರೆ ಅಲ್ಲಿ ಹೂಬಿಟ್ಟ ಕಾಂಗ್ರೆಸ್ ಗಿಡ ಇದೆಯೇ ನೋಡಿ. ವರ್ಷವಿಡೀ ಕಾಟವೋ, ಕೆಲವು ತಿಂಗಳು ಮಾತ್ರವೋ ಎಂಬುದನ್ನೂ ನೆನಪಿಸಿಕೊಂಡು ಬರೆದಿಡಿ. ನನ್ನ ಪ್ರಕಾರ ಈ ನೋಟ್‌ಬುಕ್ಕಿಗೆ ರಿಪೋರ್ಟಿನಷ್ಟೇ ಬೆಲೆ ಇದೆ.

ಆಮೇಲೆ ಚರ್ಮದ ಪರೀಕ್ಷೆ. ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ, ವೈದ್ಯರನ್ನು ಕೇಳಿ ನಿಲ್ಲಿಸಿ. ಉಬ್ಬಸ ಇದ್ದರೆ ಮುಂಚೆಯೇ ಹೇಳಿ. ಮುಂಗೈ ಮೇಲೆ ನುಸಿ, ಪರಾಗದಂಥವುಗಳ ಸಾರದ ಹನಿಗಳನ್ನಿಟ್ಟು ಸಣ್ಣಗೆ ಚುಚ್ಚುತ್ತಾರೆ. 15–20 ನಿಮಿಷ ಕಾದು ಗಂಧೆ ಅಳೆಯುತ್ತಾರೆ. ಬರೀ ಉಪ್ಪುನೀರಿನ ಹನಿ ಇಟ್ಟ ಜಾಗಕ್ಕಿಂತ ಕನಿಷ್ಠ 3 ಮಿ.ಮೀ. ದೊಡ್ಡದಾಗಿ ಎದ್ದಿದ್ದರೆ ಪಾಸಿಟಿವ್.

ಈಗ ರಿಪೋರ್ಟನ್ನೂ ನೋಟ್‌ಬುಕ್ಕನ್ನೂ ಜೊತೆಗಿಟ್ಟು ವೈದ್ಯರ ಮುಂದೆ ಕೂತುಕೊಳ್ಳಿ. ಎರಡರಲ್ಲೂ ಇರುವುದೇ ಮುಖ್ಯ ಶತ್ರು. ಕೆಲವು ಪಾಸಿಟಿವ್‌ಗಳು ಬರೀ ನೆಂಟಸ್ತಿಕೆಯಿಂದ ಬರುತ್ತವೆ. ನುಸಿ, ಜಿರಳೆ, ಸಿಗಡಿ ಮೂರರಲ್ಲೂ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಇದೆ, ಒಂದರದು ಇನ್ನೊಂದರದನ್ನು ಹೋಲುತ್ತದೆ. ಹಾಗಾಗಿ ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಪಾಸಿಟಿವ್ ಬರಬಹುದು. ಇಷ್ಟು ದಿನ ಸಿಗಡಿ ತಿಂದು ಏನೂ ಆಗದವರು ರಿಪೋರ್ಟ್ ನೋಡಿ ಸುಮ್ನೆ ಸಿಗಡಿ ಬಿಡಬೇಡಿ, ಮೊದಲು ವೈದ್ಯರನ್ನು ಕೇಳಿ.

ಶತ್ರು ನುಸಿಯೇ ಆಗಿದ್ದರೆ ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಮೂಗಿನ ಸ್ಟೀರಾಯ್ಡ್ ಸ್ಪ್ರೇ ಕಾರಣ ಒಂದಿದ್ದರೂ ಹಲವಿದ್ದರೂ ಕೆಲಸ ಮಾಡುತ್ತದೆ, ಆದರೆ ದಿನವೂ ಬಳಸಬೇಕು.

ಸ್ಪ್ರೇ, ಮಾತ್ರೆ ಸಾಲದಿದ್ದಾಗ ಇಮ್ಯುನೋಥೆರಪಿಯ, ಅಂದರೆ ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪಸ್ವಲ್ಪವಾಗಿ ಕೊಟ್ಟು ದೇಹಕ್ಕೆ ಒಗ್ಗಿಸುವ ಚಿಕಿತ್ಸೆಯ, ಮಾತು ಬರುತ್ತದೆ. ಹಲವು ಪಾಸಿಟಿವ್ ಇದೆ ಅಂತ ಅದರ ಆಸೆ ಬಿಡಬೇಕಿಲ್ಲ. ಜಾಸ್ತಿ ಕಾಡುವ ಒಂದೆರಡನ್ನೇ ಆರಿಸಿ ಚಿಕಿತ್ಸೆ ಕೊಡಬಹುದು. ಸಾಮಾನ್ಯವಾಗಿ ಕನಿಷ್ಠ 3 ವರ್ಷ ಹಿಡಿಯುತ್ತದೆ. ಒಪ್ಪಿಕೊಳ್ಳುವ ಮುಂಚೆ ವೈದ್ಯರನ್ನು ನೇರವಾಗಿ ಕೇಳಿ: “ಇವುಗಳಲ್ಲಿ ನನ್ನನ್ನು ನಿಜವಾಗಿ ಕಾಡುತ್ತಿರುವುದು ಯಾವುದು?”