ವೆಬ್ ಫಾರ್ಮ್ ಮಾಡುವವರ ಗಮನಕ್ಕೆ: ಲೇಬಲ್ ಕಣ್ಣಿಗೆ ಕಂಡರೆ ಸಾಲದು

ಸಂಘದ ನೋಂದಣಿಗೆ, ಕಾರ್ಯಕ್ರಮಕ್ಕೆ ಅಂತ ವೆಬ್ ಫಾರ್ಮ್ ಬರೆಯುವವರಿಗೆ ಒಂದು ಸಲಹೆ. ಪಕ್ಕದಲ್ಲಿ "ಹೆಸರು" ಅಂತ ಬರೆದ ಮಾತ್ರಕ್ಕೆ ಅದು ಯಾವ ಖಾನೆಯದ್ದು ಅಂತ ಸ್ಕ್ರೀನ್ ರೀಡರ್‌ಗೆ (ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ತಂತ್ರಾಂಶ) ಗೊತ್ತಾಗಲ್ಲ. ಲೇಬಲ್ ಟ್ಯಾಗಿನ 'ಫಾರ್' (for), ಇನ್‌ಪುಟ್ಟಿನ, ಅಂದರೆ ಖಾನೆಯ, 'ಐಡಿ' (id) ಎರಡರ ಬೆಲೆಯೂ ಒಂದೇ ಇರಲಿ. ಪ್ಲೇಸ್‌ಹೋಲ್ಡರ್ (ಖಾಲಿ ಖಾನೆಯೊಳಗೆ ಕಾಣುವ ಸುಳಿವಿನ ಬರಹ) ಇದೆಯಲ್ಲ ಅನ್ನಬೇಡಿ, ಟೈಪ್ ಮಾಡಲು ಶುರು ಮಾಡಿದೊಡನೆ ಅದು ಮಾಯ.

ಇದಕ್ಕಿಂತ ದೊಡ್ಡ ಕಾಟ ತಪ್ಪು ತೋರಿಸುವ ರೀತಿ. ಖಾನೆಯ ಸುತ್ತ ಬರೀ ಕೆಂಪು ಗೆರೆ ಎಳೆದರೆ ಕಣ್ಣು ಕಾಣದವರಿಗೆ ಏನು ತಿಳಿಯಬೇಕು? ಸಬ್ಮಿಟ್ ಒತ್ತುತ್ತಲೇ ಇರುತ್ತಾರೆ, ಪಾಪ. "ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿ ಇರಬೇಕು" ಅಂತ ಮಾತಿನಲ್ಲೇ ಬರೆಯಿರಿ. ಆ ಸಾಲನ್ನು 'ಏರಿಯಾ-ಡಿಸ್ಕ್ರೈಬ್ಡ್‌ಬೈ' (aria-describedby) ಮೂಲಕ ಖಾನೆಗೆ ಜೋಡಿಸಿ, ಖಾನೆ ತಪ್ಪಿದೆ ಅಂತ ತಿಳಿಸಲು 'ಏರಿಯಾ-ಇನ್‌ವ್ಯಾಲಿಡ್' (aria-invalid) ಹಾಕಿ, ಫೋಕಸ್ಸನ್ನು ಮೊದಲ ತಪ್ಪಿನ ಖಾನೆಗೇ ಒಯ್ಯಿರಿ.

ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ರೇಡಿಯೋ ಬಟನ್‌ಗಳಿದ್ದರೆ, ಅವನ್ನು ಒಂದು ಗುಂಪಾಗಿಸಲು ಫೀಲ್ಡ್‌ಸೆಟ್ ಟ್ಯಾಗ್, ಗುಂಪಿನ ಪ್ರಶ್ನೆ ಬರೆಯಲು ಲೆಜೆಂಡ್ ಟ್ಯಾಗ್ ಬಳಸಿ.

ಕನ್ನಡ ಫಾರ್ಮ್‌ಗಳಲ್ಲಿ ಇನ್ನೊಂದು ಮರೆವು: ಟೆಂಪ್ಲೇಟಿನಲ್ಲಿ ಬಂದ, ಪುಟದ ಭಾಷೆ ಯಾವುದೆಂದು ಹೇಳುವ 'ಲ್ಯಾಂಗ್' (lang) ಇಂಗ್ಲಿಷಿನದ್ದೇ ಉಳಿದಿರುತ್ತೆ. ಅದನ್ನು ಕನ್ನಡದ ಸಂಕೇತ 'ಕೆಎನ್' (kn) ಮಾಡಿ, ಇಲ್ಲದಿದ್ದರೆ ಸ್ಕ್ರೀನ್ ರೀಡರ್‌ನ ಇಂಗ್ಲಿಷ್ ದನಿಯೇ ಕನ್ನಡ ಓದಲು ಹೊರಟು ಎಡವಬಹುದು.

ಎನ್‌ವಿಡಿಎ (NVDA) ಅನ್ನುವ ವಿಂಡೋಸ್ ಸ್ಕ್ರೀನ್ ರೀಡರ್ ಉಚಿತ. ಇಳಿಸಿಕೊಂಡು, ಮಾನಿಟರ್ ಆಫ್ ಮಾಡಿ, ಟ್ಯಾಬ್ ಒತ್ತುತ್ತಾ ನಿಮ್ಮದೇ ಫಾರ್ಮ್ ತುಂಬಿ ನೋಡಿ. ಬರೀ ಚಿತ್ರದ ಕ್ಯಾಪ್ಚಾ (ನೀವು ಮನುಷ್ಯರೇ ಅಂತ ಪರೀಕ್ಷಿಸುವ ಒಗಟು) ಇಟ್ಟಿದ್ದರೆ ಅಲ್ಲೇ ಸಿಕ್ಕಿಬೀಳ್ತೀರಿ.