ಇ-ಸೈಕಲ್ ಬ್ಯಾಟರಿ ಬದಲಿಸುವ ಮುಂಚೆ ನೋಡಬೇಕಾದ್ದು

ಹೊಸ ಪ್ಯಾಕಿಗೆ ದುಡ್ಡು ಕೊಡುವ ಮುಂಚೆ ಹಳೆಯದು ನಿಜಕ್ಕೂ ಕೆಟ್ಟಿದೆಯೇ ಪರೀಕ್ಷಿಸಿ. 36 ವೋಲ್ಟಿನ ಪ್ಯಾಕಿನಲ್ಲಿ ಸಾಮಾನ್ಯವಾಗಿ 10 ಗುಂಪು ಸೆಲ್‌ಗಳು ಸರಣಿಯಲ್ಲಿರುತ್ತವೆ. ಬಿಎಂಎಸ್‌ಗೆ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಹೋಗುವ ಸಣ್ಣ ತಂತಿಗಳ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ಒಂದೊಂದೇ ಗುಂಪನ್ನು ಅಳೆಯಿರಿ. ಎಲ್ಲವೂ ಸಮನಾಗಿದ್ದು ಹೊರಗೆ ಮಾತ್ರ ಕರೆಂಟ್ ಬಾರದಿದ್ದರೆ ಫ್ಯೂಸ್ ಅಥವಾ ಬಿಎಂಎಸ್ ಹೋಗಿರಬಹುದು; ಅದಷ್ಟೇ ಬದಲಿಸಿದರೆ ಸಾಕು. 2 ವೋಲ್ಟಿಗಿಂತ ಕೆಳಗಿಳಿದ ಗುಂಪಿಗೆ ಮತ್ತೆ ಚಾರ್ಜ್ ಕೊಡಲೇಬೇಡಿ. ಒಳಗಿನ ತಾಮ್ರ ಕರಗಿರಬಹುದು, ಚಾರ್ಜ್ ಆಗುವಾಗ ಶಾರ್ಟ್ ಆಗಬಹುದು. ಆ ಗುಂಪಿಗಷ್ಟೇ ಹೊಸ ಸೆಲ್ ಹಾಕಿಸುವುದೂ ದಂಡ: ಹಳೆಯ ಗುಂಪುಗಳು ಮೊದಲೇ ಬರಿದಾಗಿ ಪ್ಯಾಕ್ ಕಟ್ ಆಗುತ್ತದೆ.

ಹಳೆಯ ಪ್ಯಾಕುಗಳಲ್ಲಿ 18650 ಸೆಲ್ ಹೆಚ್ಚು: 18 ಮಿ.ಮೀ. ವ್ಯಾಸ, 65 ಮಿ.ಮೀ. ಎತ್ತರ. ಈಗ 21700 ಬಂದಿದೆ, 21 ಮತ್ತು 70 ಮಿ.ಮೀ. ಹಳೆಯ ಹೋಲ್ಡರಿನಲ್ಲಿ ಇದು ಕೂರುವುದಿಲ್ಲ. ಪೆಟ್ಟಿಗೆಯ ಒಳ ಅಳತೆ ಮೊದಲು ತೆಗೆಯಿರಿ. 2.6 ಎಎಚ್‌ನ (ಆಂಪಿಯರ್-ಅವರ್, ಸೆಲ್ಲಿನ ಸಾಮರ್ಥ್ಯ) 40 ಸೆಲ್ ಇದ್ದಲ್ಲಿ 5 ಎಎಚ್‌ನ 20 ಸೆಲ್ ಸಾಕು, ವೆಲ್ಡಿಂಗ್ ಕೂಲಿಯೂ ಉಳಿಯುತ್ತದೆ. ಆದರೆ ಮೋಟಾರ್ ನಡೆಸುವ ಕಂಟ್ರೋಲರ್ 15 ಆಂಪಿಯರ್ ಎಳೆದಾಗ, ಪ್ರತಿ ಗುಂಪಿನ ನಾಲ್ಕು ಸೆಲ್ ಸೇರಿ ಹೊರುತ್ತಿದ್ದ ಭಾರವನ್ನು ಈಗ ಎರಡೇ ಹೊರಬೇಕು: ತಲಾ 3.75 ಇದ್ದದ್ದು 7.5 ಆಂಪಿಯರ್. ಸೆಲ್ ಎಷ್ಟು ಆಂಪಿಯರನ್ನು ನಿರಂತರವಾಗಿ ಕೊಡಬಲ್ಲದೆಂದು ಡೇಟಾಶೀಟ್ ನೋಡಿಯೇ ಒಪ್ಪಿಕೊಳ್ಳಿ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಆರಿಸಿದರೆ 12 ಗುಂಪು ಬೇಕು. ಬಿಎಂಎಸ್, ಚಾರ್ಜರ್ ಎರಡೂ ಬದಲಾಗುತ್ತವೆ. ಅದರ 43.8 ವೋಲ್ಟಿನ ಚಾರ್ಜರನ್ನು ಯಾರಾದರೂ ಮರೆತು 42 ವೋಲ್ಟಿನ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್, ಮೇಲೆ ಹೇಳಿದ 10 ಗುಂಪಿನ ಬಗೆ) ಪ್ಯಾಕಿಗೆ ಚುಚ್ಚಿದರೆ ಪ್ರತಿ ಸೆಲ್ 4.38 ವೋಲ್ಟ್ ಮುಟ್ಟಬಹುದು. ಆಗ ಬೆಂಕಿ ತಡೆಯಲು ಉಳಿದಿರುವುದು ಬಿಎಂಎಸ್ ಒಂದೇ. ಮನೆಯಲ್ಲಿ ಎರಡೂ ಬಗೆ ಇದ್ದರೆ ಪ್ಲಗ್ಗುಗಳು ಬೇರೆಬೇರೆ ಆಕಾರದವೇ ಇರಲಿ.

ದರ ಹೋಲಿಸಲು ವೋಲ್ಟನ್ನು ಎಎಚ್‌ನಿಂದ ಗುಣಿಸಿ, ಬಂದ ವಾಟ್-ಅವರ್‌ನಿಂದ ಬೆಲೆಯನ್ನು ಭಾಗಿಸಿ. 36 ವೋಲ್ಟ್, 10 ಎಎಚ್‌ಗೆ 10,800 ರೂ. ಎಂದರೆ ವಾಟ್-ಅವರ್‌ಗೆ 30 ರೂ.; 14 ಎಎಚ್‌ಗೆ 12,600 ಎಂದರೆ 25. 18% ಜಿಎಸ್‌ಟಿ ಸೇರಿದೆಯೇ ಕೇಳಿ. ದರ ತೀರಾ ಕಡಿಮೆಯಿದ್ದರೆ ಒಂದು ಸೆಲ್ ತೂಗಿ ನೋಡಿ: ಒಳ್ಳೆಯ 18650 ಸುಮಾರು 45ರಿಂದ 50 ಗ್ರಾಂ, 21700 ಸುಮಾರು 70 ಗ್ರಾಂ. 18650ರ ಮೇಲೆ 9,900 ಎಂಎಎಚ್ (9.9 ಎಎಚ್) ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು.

ಸೆಲ್‌ಗಳನ್ನು ಜೋಡಿಸುವ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್‌ನಿಂದಲೇ ಕೂರಿಸಬೇಕು; ಸೋಲ್ಡರಿಂಗ್ ಐರನ್ನಿನ ಬಿಸಿ ಸೆಲ್ಲಿನೊಳಗೆ ಎರಡು ಧ್ರುವಗಳನ್ನು ಬೇರ್ಪಡಿಸುವ ತೆಳು ಪದರವಾದ ಸೆಪರೇಟರನ್ನು ಹಾಳುಮಾಡುತ್ತದೆ. ತೆಗೆದ ಪ್ಯಾಕಿನ ತುದಿಗಳಿಗೆ ಟೇಪ್ ಸುತ್ತಿ, ನೋಂದಾಯಿತ ಮರುಬಳಕೆದಾರರಿಗೆ ಕೊಡಿ.